ಕೋಲು ಹಿಡಿದು ನಿಂತವರು ಯಾರು? – ಚೀನಾದ ಹಳೇ ಗಣಿ ಫೋಟೋಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಬಸವನಗುಡಿಯ ಓದುಗರೊಬ್ಬರು ಕಳಿಸಿದ ಚೀನಾದ ಗಣಿ ಫೋಟೋ ಒಂದನ್ನು ಸಂಪಾದಕರು ಹಾಕಿದ್ದರು. ಅದನ್ನು ನೋಡಿ ತುಂಬಾ ಜನ ಬರೆದಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೊಸ ಓದುಗರಿಗೆ ಒಂದು ಮಾತು: ನಾನು ಕೋಲಾರದ ಚಿನ್ನದ ಗಣಿಯಲ್ಲಿ ಮೈನ್ ಸರ್ವೇಯರ್ ಆಗಿದ್ದವನು. ಈಗ ಮಲ್ಲೇಶ್ವರದಲ್ಲಿದ್ದೇನೆ. ಫೋಟೋ ನೋಡುವಾಗಲೂ ನನ್ನ ಕಣ್ಣು ಮೊದಲು ಹೋಗುವುದು ಟ್ರೈಪಾಡಿನ ಕಡೆಗೆ, ಆಮೇಲೆ ಕೋಲು ಹಿಡಿದವರ ಕಡೆಗೆ.

ಪ್ರಶ್ನೆ: ಸಾರ್, ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಪುಸ್ತಕದ ಒಳಗೆ ಈ ಫೋಟೋ ಸಿಕ್ಕಿತು. ರಟ್ಟಿಗೆ ಅಂಟಿಸಿದೆ. ಹಿಂದೆ ಪೆನ್ಸಿಲ್‌ನಲ್ಲಿ ‘ಟಾಂಗ್‌ಶಾನ್, ನಂ. 1 ಶಾಫ್ಟ್’ ಅಂತ ಇಂಗ್ಲಿಷಿನಲ್ಲಿ ಬರೆದಿದೆ. ಇಸವಿ ಇಲ್ಲ. ಮುಂದೆ ಮೂವರು ಬಿಳಿಯರು, ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ದುರ್ಬೀನು, ಸ್ವಲ್ಪ ದೂರದಲ್ಲಿ ಉದ್ದ ಕೋಲು ಹಿಡಿದ ಒಬ್ಬ ಚೀನೀ ಮನುಷ್ಯ. ಹಿಂದೆ ಮರದ ಗೋಪುರದಂಥದ್ದು ಇದೆ. ಇದು ಎಲ್ಲಿಯದು, ಎಷ್ಟು ಹಳೆಯದು, ಆ ಮೂವರು ಯಾರು?
– ಬಸವನಗುಡಿಯ ಓದುಗರು

ಉತ್ತರ: ಊರಿನ ಬಗ್ಗೆ ಅನುಮಾನ ಬೇಡ. ಟಾಂಗ್‌ಶಾನ್ ಈಗ ಚೀನಾದ ಹೆಬೇ ಪ್ರಾಂತ್ಯದ ದೊಡ್ಡ ಕೈಗಾರಿಕಾ ನಗರ. ಟಿಯಾನ್‌ಜಿನ್ ಬಂದರಿನಿಂದ ಈಶಾನ್ಯಕ್ಕಿದೆ. 1976ರ ಭೂಕಂಪದಿಂದಾಗಿ ನಮ್ಮಲ್ಲಿ ಕೆಲವರಿಗೆ ಆ ಹೆಸರು ನೆನಪಿರಬಹುದು. ಪೆನ್ಸಿಲ್ ಬರಹವನ್ನು ನಂಬಿದರೆ ನಿಮ್ಮ ಫೋಟೋದಲ್ಲಿರುವುದು ಅಲ್ಲಿಯ ಕೈಪಿಂಗ್ ಕಲ್ಲಿದ್ದಲು ಗಣಿ. ಆ ಮರದ ಗೋಪುರ ಹೆಡ್‌ಗೇರ್. ಅದರ ತುದಿಯ ಗಾಲಿಗಳ ಮೇಲೆ ಹಗ್ಗ ಓಡುತ್ತದೆ, ಹಗ್ಗದ ತುದಿಯಲ್ಲಿ ಜನರನ್ನು ಹೊತ್ತ ಪಂಜರ, ಅಂದರೆ ಕೇಜ್, ಶಾಫ್ಟ್ ಎಂಬ ನೆಟ್ಟಗಿನ ಬಾವಿಯೊಳಗೆ ಇಳಿಯುತ್ತದೆ. ಕೆಜಿಎಫ್‌ನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಗಣಿಯ ಕಥೆ ದೊಡ್ಡದು. ಆಗ ಚೀನಾ ಸ್ಟೀಮರ್‌ಗಳನ್ನು ಕೊಂಡಿತ್ತು, ಮದ್ದುಗುಂಡಿನ ಕಾರ್ಖಾನೆ ಕಟ್ಟಿತ್ತು. ಅವಕ್ಕೆಲ್ಲ ಕಲ್ಲಿದ್ದಲು ಬೇಕು. ಹೊರದೇಶದಿಂದ ತರಿಸುವುದು ದುಬಾರಿ. ಆ ಪ್ರಾಂತ್ಯದ ಹಿರಿಯ ಅಧಿಕಾರಿ ಲಿ ಹಾಂಗ್‌ಜಾಂಗ್ ಈ ಕೆಲಸವನ್ನು ಟಾಂಗ್ ಟಿಂಗ್‌ಷು ಎಂಬ ವ್ಯಾಪಾರಿಗೆ ವಹಿಸಿದರು. ಟಾಂಗ್ ಅದಕ್ಕೂ ಮೊದಲು ಬ್ರಿಟಿಷರ ಜಾರ್ಡಿನ್ ಮ್ಯಾಥೆಸನ್ ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದವರು. ಎರಡೂ ಕಡೆಯ ಭಾಷೆ ಬಲ್ಲವರು. 1878ರಲ್ಲಿ ಗಣಿ ಕೆಲಸ ಶುರುವಾಯಿತು. 1881ಕ್ಕೆ ಕಲ್ಲಿದ್ದಲು ಮೇಲೆ ಬಂತು. ಬಂಡವಾಳ ಚೀನಾದ್ದು, ಯಜಮಾನಿಕೆ ಚೀನಾದ್ದು. ಎಂಜಿನಿಯರುಗಳು ಮಾತ್ರ ಬ್ರಿಟನ್ನಿನಿಂದ ಬಂದವರು. ಇದನ್ನು ನೆನಪಿಡಿ. ಫೋಟೋ ನೋಡಿದರೆ ಬಿಳಿಯರೇ ಮಾಲೀಕರು ಅನ್ನಿಸುತ್ತದೆ, ಅಲ್ವಾ? ಆಗ ಅವರು ಸಂಬಳಕ್ಕೆ ಬಂದವರು.

ಕಲ್ಲಿದ್ದಲು ಬಂತು, ಸಾಗಿಸುವುದು ಹೇಗೆ? ರೈಲಿಗೆ ಅರಮನೆಯ ಒಪ್ಪಿಗೆ ಇರಲಿಲ್ಲ. ಹಾಗಾಗಿ ಕಾಲುವೆ ತೋಡಿದರು. ಆದರೆ ಗಣಿಯ ಹತ್ತಿರ ನೆಲ ಏರುತ್ತಾ ಹೋಗುವುದರಿಂದ ಕೊನೆಯ ಸುಮಾರು 10 ಕಿ.ಮೀ. ಕಾಲುವೆ ಸಾಧ್ಯವಾಗಲಿಲ್ಲ. ಅಷ್ಟು ದೂರಕ್ಕೆ ಹಳಿ ಹಾಕಿ, ಹೇಸರಗತ್ತೆಗಳು ಎಳೆಯುತ್ತವೆ ಅಂತ ಒಪ್ಪಿಸಿದರು. ಕ್ಲಾಡ್ ಕಿಂಡರ್ ಎಂಬ ಎಂಜಿನಿಯರ್ ಅಲ್ಲಿಯ ವರ್ಕ್‌ಶಾಪಿನಲ್ಲೇ ಒಂದು ರೈಲು ಎಂಜಿನ್ ಕಟ್ಟಿಬಿಟ್ಟರು. ಬಾಯ್ಲರ್ ಒಂದು ಸಣ್ಣ ವೈಂಡಿಂಗ್ ಎಂಜಿನ್ನಿನದು, ಅಂದರೆ ಗಣಿಯ ಹಗ್ಗ ಸುತ್ತುವ ಯಂತ್ರದ್ದು. ಚಕ್ರ ಗುಜರಿಯದು. ಚೌಕಟ್ಟಿಗೆ ಹಾಕಿದ ಕಬ್ಬಿಣ ಇದೇ ನಂ. 1 ಶಾಫ್ಟಿನ ಹೆಡ್‌ಗೇರ್‌ಗೆಂದು ತಂದದ್ದು. 1881ರ ಜೂನ್ 9ರಂದು, ‘ರಾಕೆಟ್’ ರೈಲು ಎಂಜಿನ್ನಿನ ಖ್ಯಾತಿಯ ಜಾರ್ಜ್ ಸ್ಟೀಫನ್ಸನ್ ಹುಟ್ಟಿ 100 ವರ್ಷ ತುಂಬಿದ ದಿನ, ಅದಕ್ಕೆ ‘ರಾಕೆಟ್ ಆಫ್ ಚೈನಾ’ ಅಂತ ಹೆಸರಿಟ್ಟರು. ಕೆಲಸಗಾರರು ಎರಡೂ ಬದಿಗೆ ಡ್ರ್ಯಾಗನ್ ಕೂರಿಸಿದರು. ಕಿಂಡರ್ ಹಟ ಹಿಡಿದು ಹಳಿಗಳ ನಡುವೆ 1435 ಮಿ.ಮೀ. ಅಂತರ ಇಟ್ಟರು. ಇವತ್ತಿಗೂ ಚೀನಾದ ರೈಲು ಓಡುವುದು ಆ ಅಳತೆಯ ಮೇಲೆಯೇ. ಒಂದು ಗಣಿಯ ಅಂಗಳದಲ್ಲಿ ತೆಗೆದುಕೊಂಡ ತೀರ್ಮಾನ ಅದು. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ಕಾಲ. ಭೂತಗನ್ನಡಿ ತಗೊಳ್ಳಿ. ಚಿತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಅಚ್ಚಾದ ಪುಟದಿಂದ ಕತ್ತರಿಸಿದ್ದು, ಫೋಟೋ ಅಲ್ಲ. ನಿಮ್ಮದರಲ್ಲಿ ಚುಕ್ಕೆ ಇಲ್ಲ. ಕಾಗದ ತೀರಾ ತೆಳು, ಬೆಳಕಿನ ಭಾಗ ಹಳದಿಗೆ ತಿರುಗಿದೆ, ನೆರಳು ಕಂದು ನೇರಳೆ. ಇದು ಮೊಟ್ಟೆಯ ಬಿಳಿ ಲೋಳೆ ಸವರಿದ ಕಾಗದದ ಲಕ್ಷಣ. ತೆಳುವಾಗಿ ಸುರುಳಿ ಸುತ್ತಿಕೊಳ್ಳುತ್ತದೆಂದೇ ಅದನ್ನು ರಟ್ಟಿಗೆ ಅಂಟಿಸುತ್ತಿದ್ದರು. ಆ ಕಾಗದದ ಬಳಕೆ 1890ರ ದಶಕದಲ್ಲಿ ಇಳಿಯಿತು. ಆಮೇಲೆ ಬಂದ ಜೆಲಟಿನ್ ಕಾಗದದ ಫೋಟೋಗಳು ಹಳತಾದರೆ ಅಂಚಿನಲ್ಲಿ ಬೆಳ್ಳಿಯ ಹಾಗೆ ಮಿನುಗುತ್ತವೆ. ನಿಮ್ಮದರಲ್ಲಿ ಆ ಮಿನುಗು ಇಲ್ಲ. ಚಿತ್ರದಲ್ಲಿರುವ ಚೀನೀಯರೆಲ್ಲರಿಗೂ ಉದ್ದ ಜಡೆ ಇದೆ. 1911–12ರ ಕ್ರಾಂತಿಯಲ್ಲಿ ಚಿಂಗ್ ಅರಸೊತ್ತಿಗೆ ಬಿದ್ದ ಮೇಲೆ ಆ ಜಡೆ ಕತ್ತರಿಸಿ ಹೋಯಿತು. ಹಳ್ಳಿಗಳಲ್ಲಿ ಕೆಲವರು ಆಮೇಲೂ ಉಳಿಸಿಕೊಂಡಿದ್ದರು, ಅದಕ್ಕೇ ಜಡೆಯೊಂದನ್ನೇ ನಂಬಬಾರದು. ಕಾಗದ, ಜಡೆ, ಮರದ ಹೆಡ್‌ಗೇರ್ ಮೂರನ್ನೂ ಸೇರಿಸಿದರೆ 1880ರ ದಶಕ, ತಪ್ಪಿದರೆ 1890ರ ಮೊದಲ ವರ್ಷಗಳು ಅನ್ನುವುದು ನನ್ನ ಲೆಕ್ಕ.

ಆ ಮೂವರ ಹೆಸರು ಕೇಳಿದ್ದೀರಿ. ಮುಖ ನೋಡಿ ಹೆಸರು ಅಂಟಿಸುವುದು ನನಗೆ ಒಗ್ಗುವುದಿಲ್ಲ. ನೀವು ಕೇಳದೆ ಬಿಟ್ಟವನ ಬಗ್ಗೆ ಹೇಳಬೇಕು, ಆ ಕೋಲು ಹಿಡಿದವನ ಬಗ್ಗೆ. ಅದು ಬರೀ ಕೋಲಲ್ಲ. ಅದರ ಮೇಲೆ ಅಡಿ, ಅಂಗುಲ ಗುರುತಿದೆ. ನಾವು ಸ್ಟಾಫ್ ಅನ್ನುತ್ತೇವೆ. ಪಕ್ಕದಲ್ಲಿರುವ ದುರ್ಬೀನು ಲೆವೆಲ್, ನೆಲದ ಏರುತಗ್ಗು ಅಳೆಯುವ ಯಂತ್ರ. ಯಂತ್ರದ ಕಣ್ಣು ನೆಟ್ಟಗೆ ಇದ್ದರೆ ಸಾಲದು, ಸ್ಟಾಫ್ ಕೂಡ ನೆಟ್ಟಗಿರಬೇಕು. ಅದು ಯಾವ ಕಡೆ ವಾಲಿದರೂ ರೀಡಿಂಗ್ ಇರಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ಅನುಭವ ಇರುವವನು ಅದನ್ನು ಮೆಲ್ಲಗೆ ಮುಂದಕ್ಕೆ, ಹಿಂದಕ್ಕೆ ತೂಗುತ್ತಾನೆ. ನಾವು ದುರ್ಬೀನಿನಲ್ಲಿ ಕಂಡ ಅತಿ ಕಡಿಮೆ ಅಂಕಿ ಬರೆದುಕೊಳ್ಳುತ್ತೇವೆ. ಅಂದರೆ ಅಳತೆ ಸರಿ ಬರುವುದು ಇಬ್ಬರ ಕೈಯಲ್ಲಿದೆ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿ: ಅವನ ಎರಡೂ ಅಂಗೈ ಸ್ಟಾಫಿನ ಎರಡು ಬದಿಯಲ್ಲಿವೆ, ಬೆರಳು ಅಂಕಿಯ ಮೇಲೆ ಬಂದಿಲ್ಲ. ಹೊಸಬರು ಮುಷ್ಟಿ ಕಟ್ಟಿ ಹಿಡಿಯುತ್ತಾರೆ, ಅಂಕಿ ಮುಚ್ಚಿಹೋಗುತ್ತದೆ. ಇವನು ಫೋಟೋಗೆಂದು ಕರೆದು ನಿಲ್ಲಿಸಿದ ಕೂಲಿಯಲ್ಲ, ಕೆಲಸ ಬಲ್ಲವನು. ಆ ಕಾಲದ ಅಡಿಬರಹಗಳಲ್ಲಿ ಎಂಜಿನಿಯರ್ ಸಾಹೇಬರ ಹೆಸರಿರುತ್ತದೆ, ಕೆಲವೊಮ್ಮೆ ಅವರ ನಾಯಿಯ ಹೆಸರೂ ಇರುತ್ತದೆ. ಇಂಥವರನ್ನು ‘ಸ್ಥಳೀಯರು’ ಅಂತ ಬರೆದು ಮುಗಿಸುತ್ತಾರೆ. ನನಗೆ ಅದು ನೋವಿನ ವಿಷಯ. ಹೆಸರು ಸಿಗದಿದ್ದರೂ ಕೆಲಸವನ್ನಾದರೂ ಗುರುತಿಸೋಣ. ಫೋಟೋದ ಬಗ್ಗೆ ಮುಂದೆ ಎಲ್ಲಾದರೂ ಬರೆದರೆ ‘ಚೀನೀ ಸ್ಟಾಫ್‌ಮನ್’ ಅಂತ ಬರೆಯಿರಿ.

ಪ್ರಶ್ನೆ: ನಾವು ಕೆಜಿಎಫ್‌ನವರು, ಈಗ ವೈಟ್‌ಫೀಲ್ಡ್‌ನಲ್ಲಿದ್ದೇವೆ. ಚೀನಾದ ಹಳೇ ಗಣಿ ಫೋಟೋ ಅಂತ ಹುಡುಕಿದರೆ ಎಲ್ಲಾ ಮೇಲಿನವೇ. ಹೆಡ್‌ಗೇರ್, ಬಂಗಲೆ, ಸಾಲಾಗಿ ನಿಂತ ಜನ. ಒಳಗಿನ ಚಿತ್ರ ಯಾಕೆ ಸಿಗುವುದಿಲ್ಲ?
– ವೈಟ್‌ಫೀಲ್ಡ್ ಓದುಗರು

ಉತ್ತರ: ಬೆಳಕಿಲ್ಲ, ಅದೇ ಮೊದಲ ಕಾರಣ. 1870ರ ಆಸುಪಾಸಿನ ವೆಟ್ ಪ್ಲೇಟ್ ಪದ್ಧತಿ ನೆನೆಸಿಕೊಳ್ಳಿ. ಗಾಜಿನ ಮೇಲೆ ಅಂಟಿನಂಥ ಕೊಲೋಡಿಯನ್ ಹರಡಬೇಕು, ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ಹಾಕಿ ಫೋಟೋ ತೆಗೆಯಬೇಕು, ಒಣಗುವುದರೊಳಗೆ ತೊಳೆಯಬೇಕು. ಎಲ್ಲಾ ಸೇರಿ ಹತ್ತು ಹದಿನೈದು ನಿಮಿಷ. ಕತ್ತಲೆಯ ಡೇರೆ, ಗಾಜು, ಬಾಟಲಿಗಳನ್ನು ಹೊತ್ತು ಆಳುಗಳು ಜೊತೆಗೇ ನಡೆಯಬೇಕು. ಸ್ಕಾಟ್ಲೆಂಡಿನ ಜಾನ್ ಥಾಮ್ಸನ್ 1868ರಿಂದ 1872ರವರೆಗೆ ಚೀನಾ ಸುತ್ತಿದ್ದು ಹೀಗೇ. ನಾನ್‌ಜಿಂಗ್‌ನ ಮದ್ದುಗುಂಡು ಕಾರ್ಖಾನೆಯನ್ನೂ ತೆಗೆದರು. ಬಿಸಿಲಿನಲ್ಲೇ ಇಷ್ಟು ಪಾಡು ಅಂದಮೇಲೆ ಶಾಫ್ಟಿನ ತಳದಲ್ಲಿ?

ಅಮೆರಿಕದ ನೆವಾಡಾದ ಬೆಳ್ಳಿ ಗಣಿಯೊಳಗೆ ಟಿಮೊತಿ ಓ'ಸಲಿವನ್ 1867–68ರಲ್ಲೇ ಮೆಗ್ನೀಸಿಯಂ ಉರಿಸಿ ಫೋಟೋ ತೆಗೆದಿದ್ದರು. 1887ರಲ್ಲಿ ಜರ್ಮನಿಯಲ್ಲಿ ಫ್ಲ್ಯಾಶ್ ಪುಡಿ ಬಂತು. ಅಲ್ಲಿಗೆ ದಾರಿ ತೆರೆಯಿತು. ಆದರೆ ನೀವು, ನಾನು ಇಳಿದದ್ದು ಗಟ್ಟಿ ಕಲ್ಲಿನ ಚಿನ್ನದ ಗಣಿಗೆ. ನಮ್ಮ ಭಯ ಬಂಡೆ ಸಿಡಿಯುವುದು. ಕಲ್ಲಿದ್ದಲಿನ ಗಣಿಯ ಭಯ ಬೇರೆ. ಪದರದಿಂದ ಮೀಥೇನ್ ಒಸರುತ್ತದೆ. ಒಂದು ಕಿಡಿ ಸಾಕು. ದೀಪಕ್ಕೂ ತಂತಿಯ ಬಲೆ ಸುತ್ತಿ ಇಳಿಯುವ ಜಾಗದಲ್ಲಿ ಯಾವ ಮ್ಯಾನೇಜರ್ ಫ್ಲ್ಯಾಶ್ ಪುಡಿ ಉರಿಸಲು ಬಿಟ್ಟಾನು?

ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ಈ ಫೋಟೋಗಳಲ್ಲಿ ಬಹಳಷ್ಟನ್ನು ತೆಗೆದದ್ದು ಲಂಡನ್ನಿನಲ್ಲೋ ಬ್ರಸೆಲ್ಸ್‌ನಲ್ಲೋ ಕೂತವರಿಗೆ ತೋರಿಸಲು. ದುಡ್ಡು ಹಾಕಿದವರು ನೋಡಬೇಕಾದದ್ದು ಹೊಸ ಹೆಡ್‌ಗೇರ್, ಹೊಸ ಬಾಯ್ಲರ್, ಹೊಸ ಹಳಿ. ತೆವಳಿಕೊಂಡು ಕಲ್ಲಿದ್ದಲು ಎಳೆಯುವ ಹುಡುಗನನ್ನು ತೋರಿಸಿದರೆ ಷೇರು ಮಾರಾಟವಾಗುವುದಿಲ್ಲ. ಹಾಗಾಗಿ ಗಣಿಯ ಮುಕ್ಕಾಲು ಬದುಕು ಈ ಚಿತ್ರಗಳ ಹೊರಗೇ ಉಳಿಯಿತು.

ಪ್ರಶ್ನೆ: ಚೀನಾದವರು ಭೂಮಿಯೊಳಗಿನ ಡ್ರ್ಯಾಗನ್‌ಗೆ ನೋವಾಗುತ್ತದೆ ಅಂತ ಗಣಿ ತೋಡಲು ಬಿಡುತ್ತಿರಲಿಲ್ಲವಂತೆ, ಸರ್ವೇಯರ್‌ಗಳನ್ನು ಓಡಿಸುತ್ತಿದ್ದರಂತೆ. ಮೂಢನಂಬಿಕೆಯಿಂದಲೇ ಅವರು ಹಿಂದೆ ಬಿದ್ದರೆ?
– ವಿಜಯನಗರದ ಓದುಗರು

ಉತ್ತರ: ಹಾಗೆ ಬರೆದವರು ಹೆಚ್ಚಾಗಿ ಗಣಿಯ ಗುತ್ತಿಗೆ ಸಿಗದೆ ವಾಪಸಾದವರು. ಅದನ್ನು ಪೂರ್ತಿ ನಂಬಬೇಡಿ.

ಚೀನಾದಲ್ಲಿ ಕಲ್ಲಿದ್ದಲು ತೋಡುವುದು ಹೊಸದೇನಲ್ಲ. ಸಾವಿರ ವರ್ಷದ ಹಿಂದೆ, ಸಾಂಗ್ ಅರಸರ ಕಾಲದಲ್ಲೇ ಕಬ್ಬಿಣ ಕರಗಿಸಲು ಕಲ್ಲಿದ್ದಲು ಬಳಸುತ್ತಿದ್ದರು. 1637ರಲ್ಲಿ ಅಚ್ಚಾದ ಅಲ್ಲಿಯ ಕಸುಬುಗಳ ಪುಸ್ತಕವೊಂದರಲ್ಲಿ ಒಂದು ಚಿತ್ರ ಇದೆ. ಗಂಟು ತೆಗೆದು ಟೊಳ್ಳು ಮಾಡಿದ ದೊಡ್ಡ ಬಿದಿರು. ತುದಿ ಚೂಪು ಮಾಡಿ ಕಲ್ಲಿದ್ದಲಿನ ಪದರಕ್ಕೆ ಚುಚ್ಚಿದ್ದಾರೆ. ವಿಷಗಾಳಿ ಆ ಬಿದಿರಿನ ಮೂಲಕ ಮೇಲೆ ಹೋಗುತ್ತದೆ, ಕೆಳಗೆ ಮನುಷ್ಯ ಗುದ್ದಲಿ ಹಿಡಿದಿದ್ದಾನೆ. ಗಣಿಯ ಗಾಳಿ ಏನು ಮಾಡುತ್ತದೆ ಅಂತ ತಿಳಿದವರ ಚಿತ್ರ ಅದು. ಅವರಿಗೆ ಇಲ್ಲದಿದ್ದದ್ದು ಆಳದ ನೀರೆತ್ತುವ ಉಗಿಯಂತ್ರ.

ಫೆಂಗ್‌ಶುಯಿ, ಅಂದರೆ ಅವರ ವಾಸ್ತುವಿನಂಥ ನಂಬಿಕೆಯ ಹೆಸರಿನಲ್ಲಿ ವಿರೋಧ ಇತ್ತು, ನಿಜ. ಆದರೆ ಆ ಮಾತಿನ ಕೆಳಗೆ ಏನಿದೆ ನೋಡಿ. ಹಳಿ ಹೋಗುವ ದಾರಿಯಲ್ಲಿ ಹಿರಿಯರ ಸಮಾಧಿ. ಗಾಡಿ ಹೊಡೆಯುವವರ, ದೋಣಿ ನಡೆಸುವವರ ಹೊಟ್ಟೆಪಾಡು. ಜೊತೆಗೆ ಕಣ್ಣೆದುರಿನ ಅನುಭವ. ಶಾಂಘೈ ಹತ್ತಿರ 1876ರಲ್ಲಿ ಬ್ರಿಟಿಷ್ ಕಂಪನಿ ರಸ್ತೆ ಮಾಡುತ್ತೇವೆ ಅಂತ ಜಾಗ ಪಡೆದು ರೈಲು ಹಾಕಿತು. ಒಬ್ಬ ಮನುಷ್ಯ ಗಾಲಿಗೆ ಸಿಕ್ಕಿ ಸತ್ತ. ಸರ್ಕಾರ ದುಡ್ಡು ಕೊಟ್ಟು ಆ ರೈಲನ್ನು ಕೊಂಡು 1877ರಲ್ಲಿ ಹಳಿಯನ್ನೇ ಕಿತ್ತುಹಾಕಿತು. ಇದನ್ನು ಹುಚ್ಚುತನ ಅಂತ ನಗುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಮೋಸಹೋದವರ ಸಿಟ್ಟು.

ಸರ್ವೇಯರ್ ಮೇಲಿನ ಅನುಮಾನವೂ ಸುಮ್ನೆ ಬಂದದ್ದಲ್ಲ. ಜರ್ಮನಿಯ ಭೂವಿಜ್ಞಾನಿ ರಿಚ್ಟ್‌ಹೋಫೆನ್ 1868ರಿಂದ 1872ರವರೆಗೆ ಚೀನಾದ ಪ್ರಾಂತ್ಯಗಳನ್ನು ಸುತ್ತಿ, ಎಲ್ಲೆಲ್ಲಿ ಕಲ್ಲಿದ್ದಲಿದೆ ಅಂತ ಶಾಂಘೈನ ವಿದೇಶಿ ವರ್ತಕರಿಗೆ ಪತ್ರ ಬರೆದರು. ದೊಡ್ಡ ವಿದ್ವಾಂಸರು. ಉತ್ತರ ಚೀನಾದ ಹಳದಿ ಮಣ್ಣಿನ ಗುಡ್ಡಗಳು ಗಾಳಿ ತಂದು ಸುರಿದ ಧೂಳಿನಿಂದ ಆದವು ಅಂತ ವಿವರಿಸಿದವರು ಅವರೇ. ಆದರೆ ಶಾನ್‌ಡಾಂಗ್‌ನ ಜಿಯಾವ್‌ಜೌ ಕೊಲ್ಲಿಯನ್ನು ಹೊಗಳಿ ಬರೆದವರೂ ಅವರೇ. 1897ರಲ್ಲಿ ಜರ್ಮನ್ ನೌಕಾಪಡೆ ಆ ಕೊಲ್ಲಿಯನ್ನು ಹಿಡಿದುಕೊಂಡಿತು. ಮರುವರ್ಷ 99 ವರ್ಷದ ಗುತ್ತಿಗೆ ಬರೆಸಿಕೊಂಡಿತು, ಜೊತೆಗೆ ರೈಲು ಹಾಕುವ, ಹಳಿಯ ಅಕ್ಕಪಕ್ಕ ಗಣಿ ತೋಡುವ ಹಕ್ಕು. ಮೊದಲು ನಕ್ಷೆ, ಆಮೇಲೆ ಸೈನ್ಯ.

ನಮ್ಮೂರಲ್ಲಿ ಕ್ರಮ ತಿರುಗಾಮುರುಗಾ. 1799ರಲ್ಲಿ ಟಿಪ್ಪು ಬಿದ್ದ. ಆ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸರಪಳಿ ಎಳೆದು ಸರ್ವೆಯ ಮೂಲರೇಖೆ ಅಳೆದರು. ಆಗ ಹೊಲದಲ್ಲಿ ನಿಂತು ನೋಡಿದ ರೈತರಿಗೂ ಇದೇ ಅನುಮಾನ ಬಂದಿರಬೇಕು. ನಾನು ಸರ್ವೇಯರ್ ಆಗಿ ಬದುಕಿದವನು, ಆ ಕೆಲಸವನ್ನು ಪ್ರೀತಿಸಿದವನು. ಆದರೂ ಹೇಳುತ್ತೇನೆ, ಅವರ ಅನುಮಾನ ನ್ಯಾಯವಾದದ್ದು.

ಪ್ರಶ್ನೆ: ಅಮೆರಿಕದ ಅಧ್ಯಕ್ಷರಾದ ಹೂವರ್ ಮೊದಲು ಚೀನಾದ ಗಣಿಯಲ್ಲಿ ಕೆಲಸ ಮಾಡಿದ್ದರು ಅಂತ ಕೇಳಿದೆ. ನಿಜವೇ?
– ರಾಜಾಜಿನಗರದ ಓದುಗರು

ಉತ್ತರ: ನಿಜ. ಅದೂ ಮೇಲೆ ಹೇಳಿದ ಕೈಪಿಂಗ್ ಗಣಿಯ ವಿಷಯದಲ್ಲೇ.

ಹರ್ಬರ್ಟ್ ಹೂವರ್ ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ಹೆಸರು ಮಾಡಿ, 1899ರಲ್ಲಿ ಹೆಂಡತಿ ಲೂ ಹೆನ್ರಿ ಜೊತೆ ಟಿಯಾನ್‌ಜಿನ್‌ಗೆ ಬಂದರು. ವಯಸ್ಸು 24. ಆಕೆಯೂ ಭೂವಿಜ್ಞಾನ ಓದಿದವರು. ಹೂವರ್ ಒಂದು ಕಡೆ ಚೀನೀ ಸರ್ಕಾರದ ಗಣಿ ಇಲಾಖೆಯ ಎಂಜಿನಿಯರ್, ಇನ್ನೊಂದು ಕಡೆ ಲಂಡನ್ನಿನ ಬ್ಯೂಯಿಕ್ ಮೋರಿಂಗ್ ಎಂಬ ಗಣಿ ಕಂಪನಿಯ ಆಳು. ಎರಡು ದೋಣಿಯಲ್ಲಿ ಕಾಲು. ಕೈಪಿಂಗ್ ಕಟ್ಟಿದ ಟಾಂಗ್ 1892ರಲ್ಲಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಜಾಂಗ್ ಯಿ ಎಂಬ ಅಧಿಕಾರಿ ಬಂದಿದ್ದರು.

1900ರ ಬೇಸಿಗೆಯಲ್ಲಿ ವಿದೇಶಿಯರ ವಿರುದ್ಧ ಬಾಕ್ಸರ್ ದಂಗೆ ಎದ್ದಿತು. ಟಿಯಾನ್‌ಜಿನ್ ಮುತ್ತಿಗೆಗೆ ಸಿಕ್ಕಿತು. ರಷ್ಯನ್ ಸೈನ್ಯ ಗಣಿಯ ಕಡೆ ಬರುತ್ತಿತ್ತು. ವಿದೇಶಿ ಕಂಪನಿಯ ಹೆಸರಿನಲ್ಲಿದ್ದರೆ ಗಣಿ ಉಳಿಯುತ್ತದೆ ಅಂತ ಹೇಳಿ, ಆ ಗಲಭೆಯ ನಡುವೆ ಹೂವರ್ ಕಡೆಯವರು ಜಾಂಗ್ ಯಿ ಅವರಿಂದ ಪತ್ರಕ್ಕೆ ಸಹಿ ಮಾಡಿಸಿಕೊಂಡರು. 1901ರಲ್ಲಿ ವರ್ಗಾವಣೆ ಪೂರ್ತಿಯಾಯಿತು. ಆಡಳಿತದಲ್ಲಿ ಚೀನಾದವರಿಗೂ ಸಮನಾದ ಪಾಲು ಅಂತ ಒಂದು ಒಪ್ಪಂದ ಪತ್ರ ಇತ್ತು. ಅದನ್ನು ಪಾಲಿಸಲಿಲ್ಲ. ಜಾಂಗ್ ಯಿ ಲಂಡನ್ನಿಗೇ ಹೋಗಿ ದಾವೆ ಹೂಡಿದರು. 1905ರಲ್ಲಿ ಆ ಒಪ್ಪಂದಕ್ಕೆ ಕಂಪನಿ ಬದ್ಧ ಅಂತ ನ್ಯಾಯಾಲಯ ಹೇಳಿತು. ತೀರ್ಪು ಗೆದ್ದರು, ಗಣಿ ವಾಪಸ್ ಬರಲಿಲ್ಲ. 1912ರಲ್ಲಿ ಅದು ಪಕ್ಕದ ಚೀನೀ ಗಣಿಯೊಂದಿಗೆ ಸೇರಿ ಕೈಲಾನ್ ಆಯಿತು. ಹೂವರ್ 1929ರಲ್ಲಿ ಅಧ್ಯಕ್ಷರಾದರು.

ಬಸವನಗುಡಿಯವರು ಇದನ್ನು ಗಮನಿಸಬೇಕು. ನಿಮ್ಮ ಫೋಟೋ 1901ಕ್ಕಿಂತ ಮುಂಚಿನದಾದರೆ ಅದು ಚೀನೀಯರ ಗಣಿಯ ಚಿತ್ರ. ಆಮೇಲಿನದಾದರೆ ಕೈತಪ್ಪಿದ ಗಣಿಯ ಚಿತ್ರ. ಜನ ಅವರೇ, ಶಾಫ್ಟ್ ಅದೇ. ಅದಕ್ಕೇ ಇಸವಿಗಾಗಿ ನಾನು ಅಷ್ಟು ತಲೆ ಕೆಡಿಸಿಕೊಂಡದ್ದು.

ಪ್ರಶ್ನೆ: ಸರ್, ನಾನು ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷ. ಚೀನಾದಲ್ಲಿ ಸರ್ವೆ ಮಾಡಿದವರೆಲ್ಲ ಯುರೋಪ್, ಅಮೆರಿಕದವರೇನಾ? ನಮ್ಮವರು ಯಾರೂ ಹೋಗಲಿಲ್ವಾ? ಚೀನಾದವರೇ ಯಾವಾಗ ಶುರು ಮಾಡಿದರು?
– ಯಲಹಂಕದ ವಿದ್ಯಾರ್ಥಿನಿ

ಉತ್ತರ: ಬಂದ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು, ಮಗಳೇ.

ಹೋಗಿದ್ದರು. ಒಬ್ಬರ ಹೆಸರು ಬರೆದಿಟ್ಟುಕೋ: ಹಜ್ರತ್ ಅಲಿ. ನಮ್ಮ ದೇಶದ ನಕ್ಷೆ ಮಾಡುವ ಸರ್ಕಾರಿ ಇಲಾಖೆ ಸರ್ವೆ ಆಫ್ ಇಂಡಿಯಾದಲ್ಲಿ ತರಬೇತಾದ ಸರ್ವೇಯರ್. 1908ರಲ್ಲಿ ರಾಬರ್ಟ್ ಸ್ಟರ್ಲಿಂಗ್ ಕ್ಲಾರ್ಕ್ ಎಂಬ ಅಮೆರಿಕದ ಶ್ರೀಮಂತ ಉತ್ತರ ಚೀನಾಕ್ಕೆ ಒಂದು ತಂಡ ಕಟ್ಟಿದ. ನಮ್ಮ ಮನೆಮನೆಯಲ್ಲಿದ್ದ ಸಿಂಗರ್ ಹೊಲಿಗೆ ಮೆಷಿನ್ನಿನ ದುಡ್ಡು ಅದು. ಕ್ಲಾರ್ಕ್‌ನ ತಾತ ಆ ಕಂಪನಿಯ ಪಾಲುದಾರ. ತಂಡದಲ್ಲಿ ಪ್ರಾಣಿಶಾಸ್ತ್ರಜ್ಞ, ಡಾಕ್ಟರು, ಚಿತ್ರಕಾರ, ದುಭಾಷಿ ಇದ್ದರು. ನಕ್ಷೆ ಮಾಡುವ ಹೊಣೆ ಹಜ್ರತ್ ಅಲಿಯವರದು. ತೈಯುವಾನ್‌ನಿಂದ ಹೊರಟು ಪಶ್ಚಿಮಕ್ಕೆ, ಹಳದಿ ಮಣ್ಣಿನ ಗುಡ್ಡಗಾಡಿನಲ್ಲಿ ಅವರು ನಡೆದರು.

ಆ ಕೆಲಸ ಹೇಗಿರುತ್ತದೆ ಗೊತ್ತಾ? ಸರ್ವೆ ಆಫ್ ಇಂಡಿಯಾದವರು ಪ್ಲೇನ್ ಟೇಬಲ್‌ನಲ್ಲಿ ಪಳಗಿದವರು. ಮೂರು ಕಾಲಿನ ಮೇಲೆ ಒಂದು ಹಲಗೆ, ಅದರ ಮೇಲೆ ಕಾಗದ. ಗುಡ್ಡದ ತುದಿ ಹತ್ತಿ, ಹಲಗೆ ಮಟ್ಟ ಮಾಡಿ, ಗುರಿ ನೋಡಿ ಗೆರೆ ಎಳೆಯುವ ಪಟ್ಟಿ, ಅಂದರೆ ಅಲಿಡೇಡ್ ಇಟ್ಟು ದೂರದ ಗುಡಿ, ಶಿಖರ, ಹೊಳೆಯ ತಿರುವು ಒಂದೊಂದಕ್ಕೂ ಗೆರೆ ಎಳೆಯಬೇಕು. ಮುಂದಿನ ಗುಡ್ಡಕ್ಕೆ ಹೋಗಿ ಮತ್ತೆ ಎಳೆಯಬೇಕು. ಎರಡು ಗೆರೆ ಕೂಡಿದ ಕಡೆ ಆ ಶಿಖರ ಕಾಗದಕ್ಕೆ ಬರುತ್ತದೆ. ನಕ್ಷೆ ಅಲ್ಲೇ, ಬಿಸಿಲಲ್ಲೇ ಹುಟ್ಟುತ್ತದೆ. ಇದಕ್ಕೆ ತಂಡ ಬಿಟ್ಟು ದೂರ ಹೋಗಲೇಬೇಕು. ಬಟ್ಟೆ ಬೇರೆ, ಮುಖ ಬೇರೆ, ಗುಡ್ಡದ ತುದಿಯಲ್ಲಿ ನಿಂತು ಊರಿನ ಕಡೆ ಕಣ್ಣು ನೆಟ್ಟು ಏನೋ ಗೀಚುವ ಮನುಷ್ಯ. ಕೆಳಗಿನ ಹಳ್ಳಿಯವರಿಗೆ ಹೇಗೆ ಕಾಣಬೇಕು?

1909ರಲ್ಲಿ ಗನ್ಸು ಪ್ರಾಂತ್ಯದಲ್ಲಿ, ಹಾಗೆ ತಂಡದಿಂದ ದೂರ ಕೆಲಸದಲ್ಲಿದ್ದಾಗ ಹಜ್ರತ್ ಅಲಿಯವರನ್ನು ಕೊಂದರು. ತಂಡ ಮುಂದೆ ಹೋಗದೆ ಹಿಂತಿರುಗಿತು. 1912ರಲ್ಲಿ ಲಂಡನ್ನಿನಲ್ಲಿ ಫೋಟೋಗಳ ಸಮೇತ ಆ ಪ್ರಯಾಣದ ಪುಸ್ತಕ ಬಂತು, ಹಜ್ರತ್ ಅಲಿ ಅಳೆದ ನಕ್ಷೆಯೂ ಬಂತು. ಕ್ಲಾರ್ಕ್ ಮುಂದೆ ಅಮೆರಿಕದಲ್ಲಿ ತನ್ನ ಹೆಸರಿನ ದೊಡ್ಡ ಕಲಾ ಸಂಗ್ರಹಾಲಯ ಕಟ್ಟಿದ. ನಮ್ಮ ದೇಶದಲ್ಲಿ ಹಜ್ರತ್ ಅಲಿಯವರ ಹೆಸರಲ್ಲಿ ಒಂದು ಕ್ಲಾಸ್‌ರೂಮನ್ನೂ ನಾನು ಕಂಡಿಲ್ಲ. ನಿಮ್ಮ ಕಾಲೇಜಿನ ಸರ್ವೆ ಲ್ಯಾಬಿಗೆ ಯಾರ ಹೆಸರಿಡೋಣ ಅಂತ ಯಾವತ್ತಾದರೂ ಕೇಳಿದರೆ, ಈ ಹೆಸರು ಹೇಳು.

ಅವರಿಗೂ ಮೊದಲು ಹೋದವರಿದ್ದಾರೆ. ಕುಮಾವೂನ್ ಬೆಟ್ಟಗಳ ನೈನ್ ಸಿಂಗ್ 1866ರಲ್ಲಿ ಲಾಸಾ ಮುಟ್ಟಿದರು. ಹೆಜ್ಜೆ ಎಣಿಸಲು ಕೈಯಲ್ಲಿ 100 ಮಣಿಗಳ ಜಪಮಾಲೆ. ಕಿಶನ್ ಸಿಂಗ್ ಟಿಬೆಟ್ ದಾಟಿ ಚೀನಾದ ಡನ್‌ಹುವಾಂಗ್ ಊರಿನವರೆಗೆ ಹೋಗಿಬಂದರು. ಅವರದು ಗುಟ್ಟಿನ ಕೆಲಸ, ಕ್ಯಾಮೆರಾ ಇರಲಿಲ್ಲ.

ಇನ್ನು ಚೀನಾದವರು. 1872ರಿಂದ 1875ರ ನಡುವೆ 120 ಹುಡುಗರನ್ನು ಸರ್ಕಾರವೇ ಓದಲು ಅಮೆರಿಕಕ್ಕೆ ಕಳಿಸಿತು. 1881ರಲ್ಲಿ ಅರ್ಧಕ್ಕೇ ವಾಪಸ್ ಕರೆಸಿತು. ಕಳಿಸುವಾಗ ಇದ್ದ ಧೈರ್ಯ ಕೊನೆವರೆಗೆ ಇರಲಿಲ್ಲ. ಆ ಹುಡುಗರಲ್ಲಿ ಹಲವರು ಗಣಿಗೆ, ರೈಲಿಗೆ, ತಂತಿ ಇಲಾಖೆಗೆ ಸೇರಿದರು. ಜಾನ್ ಟಿಯಾನ್‌ಯೂ ಅವರಲ್ಲೊಬ್ಬರು. ಯೇಲ್‌ನಲ್ಲಿ ಡಿಗ್ರಿ ಮುಗಿಸಿದ್ದರು. ಆದರೂ ಮೊದಲು ಬೇರೆ ಕೆಲಸಕ್ಕೆ ಹಾಕಿ, 1888ರಲ್ಲಷ್ಟೇ ರೈಲಿಗೆ ತೆಗೆದುಕೊಂಡರು. ಅಲ್ಲಿ ಅವರ ಮೇಲಧಿಕಾರಿ ಯಾರು ಗೊತ್ತಾ? ಗುಜರಿ ಚಕ್ರದ ಎಂಜಿನ್ ಕಟ್ಟಿದ ಅದೇ ಕಿಂಡರ್.

1905ರಲ್ಲಿ ಬೀಜಿಂಗ್‌ನಿಂದ ಜಾಂಗ್‌ಜಿಯಾಕೌಗೆ ಸುಮಾರು 200 ಕಿ.ಮೀ. ರೈಲು ಹಾಕುವ ಕೆಲಸ ಜಾನ್ ಅವರಿಗೆ ಸಿಕ್ಕಿತು. ಮಹಾಗೋಡೆಯ ಬೆಟ್ಟಗಳನ್ನು ದಾಟಬೇಕು. ವಿದೇಶಿ ಎಂಜಿನಿಯರ್ ಇಲ್ಲ, ವಿದೇಶಿ ಸಾಲ ಇಲ್ಲ. ಚಿಂಗ್‌ಲಾಂಗ್‌ಚಿಯಾವ್ ಹತ್ತಿರ ಏರು ಜಾಸ್ತಿ. ಅಲ್ಲಿ ರೈಲು ಒಂದು ಕವಲಿನವರೆಗೆ ಹೋಗಿ, ನಿಂತು, ಹಿಮ್ಮುಖವಾಗಿ ಇನ್ನೊಂದು ಕವಲು ಏರುವ ಹಾಗೆ ಹಳಿ ಹಾಕಿದರು. ಬಾದಾಲಿಂಗ್‌ನಲ್ಲಿ ಒಂದು ಕಿಲೋಮೀಟರ್‌ಗೂ ಉದ್ದದ ಸುರಂಗವನ್ನು ಎರಡೂ ಬಾಯಿಯಿಂದ ಕೊರೆದದ್ದಲ್ಲದೆ, ಮೇಲಿನಿಂದ ಶಾಫ್ಟ್ ಇಳಿಸಿ ಒಳಗಿನಿಂದಲೂ ಕೊರೆದರು. 1909ರಲ್ಲಿ ಮುಗಿಯಿತು. ಅದರ ಫೋಟೋ ಆಲ್ಬಮ್ಮನ್ನೂ ಮಾಡಿಸಿದರು. ಆ ಚಿತ್ರಗಳನ್ನು ಬಸವನಗುಡಿಯ ಫೋಟೋದ ಪಕ್ಕದಲ್ಲಿಟ್ಟು ನೋಡಬೇಕು. ಟ್ರೈಪಾಡು, ಸುರಂಗದ ಬಾಯಿ, ಸಾಲಾಗಿ ನಿಂತ ಜನ ಎಲ್ಲಾ ಅಂಥದ್ದೇ. ಆದರೆ ಈ ಸಲ ಮಧ್ಯದಲ್ಲಿ ನಿಂತ ಎಂಜಿನಿಯರುಗಳು ಚೀನೀಯರು. ಜಾನ್ ನಮ್ಮ ವಿಶ್ವೇಶ್ವರಯ್ಯನವರ ತಲೆಮಾರಿನವರು. ಆ ತಲೆಮಾರಿಗೆ ಈ ಎರಡೂ ದೇಶ ಎಷ್ಟು ಋಣಿ ಅಂತ ಪರೀಕ್ಷೆ ಮುಗಿದ ಮೇಲಾದರೂ ಒಮ್ಮೆ ಓದು.

ಪ್ರಶ್ನೆ: ನಮ್ಮ ತಾತನ ಕಾಲದ ಇಂಥವೇ ರಟ್ಟಿನ ಫೋಟೋಗಳು ಮನೆಯಲ್ಲಿವೆ. ಲ್ಯಾಮಿನೇಷನ್ ಮಾಡಿಸಬಹುದೇ? ಮಗ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತೇನೆ ಅನ್ನುತ್ತಾನೆ.
– ಚಾಮರಾಜಪೇಟೆಯ ಓದುಗರು

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡ. ಒಮ್ಮೆ ಅಂಟಿದ ಮೇಲೆ ಬಿಡಿಸಲು ಆಗುವುದಿಲ್ಲ. ಸೆಲ್ಲೋಟೇಪೂ ಬೇಡ. ರಟ್ಟಿನಿಂದ ಬಿಡಿಸಲು ಹೋಗಬೇಡಿ, ಹರಿಯುತ್ತದೆ. ಆಮ್ಲ ಇಲ್ಲದ ಕಾಗದದ ಲಕೋಟೆಯಲ್ಲಿ ಒಂದೊಂದಾಗಿ ಹಾಕಿ, ಗೋಡೆಯ ತೇವ ತಾಗದ ಬೀರುವಿನಲ್ಲಿ ಮಲಗಿಸಿಡಿ. ಬೆಂಗಳೂರಿನ ಮಳೆಗಾಲದಲ್ಲಿ ಆಗಾಗ ತೆಗೆದು ಬೂಷ್ಟು ಬಂದಿದೆಯಾ ನೋಡಿ. ಹಿಂದೆ ಏನಾದರೂ ಬರೆದಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿಸಿ. ಎಷ್ಟೋ ಸಲ ಮುಂದಿನ ಬದಿಗಿಂತ ಹಿಂದಿನ ಬದಿಯೇ ಜಾಸ್ತಿ ಹೇಳುತ್ತದೆ.

ಬಣ್ಣ ತುಂಬುವುದು ಪ್ರತಿಯಲ್ಲಿ ಮಾಡಿಕೊಳ್ಳಲಿ, ಮೂಲ ಸ್ಕ್ಯಾನ್ ಬೇರೆ ಫೈಲಿನಲ್ಲಿರಲಿ. ಕಂಪ್ಯೂಟರ್ ಬಣ್ಣ ಊಹಿಸುತ್ತದೆ, ಕೆಲವೊಮ್ಮೆ ಮುಖವನ್ನೂ ತಿದ್ದಿಬಿಡುತ್ತದೆ. ಸ್ಟಾಫಿನ ಮೇಲಿನ ಅಂಕಿಗಳನ್ನು ಗೀಟು ಅಂದುಕೊಂಡು ಅಳಿಸಿದ್ದನ್ನು ನಾನೇ ನೋಡಿದ್ದೇನೆ. ಫೋಟೋದಲ್ಲಿರುವ ತಾತನ ಪಕ್ಕದವರು ಯಾರು ಅಂತ ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ, ಮೆತ್ತನೆ ಪೆನ್ಸಿಲ್‌ನಲ್ಲಿ ರಟ್ಟಿನ ಹಿಂದೆ ಬರೆಯಿರಿ. ಪೆನ್ನು ಬೇಡ, ಶಾಯಿ ಇಳಿಯುತ್ತದೆ. ಗಣಿಯದೋ, ರೈಲಿನದೋ, ಕಾರ್ಖಾನೆಯದೋ ಚಿತ್ರ ಇದ್ದರೆ ಎರಡೂ ಬದಿಯ ಸ್ಕ್ಯಾನ್ ಪತ್ರಿಕೆಗೆ ಕಳಿಸಿ, ಮುಂದಿನ ತಿಂಗಳು ಒಟ್ಟಿಗೆ ಕೂತು ನೋಡೋಣ.